ಇಲ್ಲದ ಪೆಟ್ರೋಲಿನ ಮೂವತ್ತು ಮಿಲಿ!

ಮೊದಲು ಒಂದು ಊಹೆ ಮಾಡಿ.

24 ಗಂಟೆಗಳ ಕಾರ್ ರೇಸ್. ಬೆಲ್ಜಿಯಂನ ಸ್ಪಾ ಟ್ರ್ಯಾಕ್. ಎರಡು ತಂಡ. ಕಾರು ಒಂದೇ ಮಾದರಿ, ಟೈರು ಒಂದೇ ಮಾದರಿ, ಚಾಲಕರೂ ಸರಿಸಮ. ಹಗಲು ಹೋಗಿ ರಾತ್ರಿ ಬಂದು, ಮತ್ತೆ ಬೆಳಕು ಹರಿದು, ನಾಲ್ಕು ಸಾವಿರ ಕಿಲೋಮೀಟರ್ ದಾಟಿದ ಮೇಲೆ ಒಂದು ತಂಡ ಗೆಲ್ಲುತ್ತದೆ. ಇನ್ನೊಂದು ಸೋಲುತ್ತದೆ. ಯಾತರಿಂದ?

ಎಂಜಿನ್ ಕೈಕೊಟ್ಟಿತೇ? ಇಲ್ಲ. ಅಪಘಾತವೇ? ಅಲ್ಲ. ಚಾಲಕ ನಿದ್ದೆ ತೂಗಿದನೇ? ಅದೂ ಅಲ್ಲ!

ಸುತ್ತಿಗೆ 30 ಮಿಲಿಲೀಟರ್ ಪೆಟ್ರೋಲಿನಿಂದ! ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಮೂರು ಸಲ ಅಳೆದರೆ ಎಷ್ಟೋ ಅಷ್ಟೇ!

ತಾಳಿ, ಬೆರಗು ಇನ್ನೂ ಇದೆ. ಆ ಪೆಟ್ರೋಲ್ ಎಲ್ಲೂ ಇಲ್ಲ! ವಾಸನೆಯಿಲ್ಲ, ಬೆಲೆಯಿಲ್ಲ, ಒಂದು ಹನಿಯನ್ನೂ ಯಾರೂ ಕಣ್ಣಲ್ಲಿ ಕಂಡಿಲ್ಲ. ಕಾರೂ ಇಲ್ಲ. ಪಿಟ್ ಲೇನೂ ಇಲ್ಲ. ಇರುವುದು ಒಂದು ಕಂಪ್ಯೂಟರ್, ಮೇಜಿಗೆ ಬಿಗಿದ ಒಂದು ಸ್ಟೀರಿಂಗ್, ಕಾಲಡಿ ಪೆಡಲ್, ಕಿವಿಗೆ ಹೆಡ್‌ಸೆಟ್. ಆದರೂ ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಕೂತ ನಾಲ್ಕು ಜನ ಆ ಇಲ್ಲದ ಪೆಟ್ರೋಲನ್ನು ಹನಿ ಹನಿ ಎಣಿಸುತ್ತಿದ್ದಾರೆ!

ಇದು ಸಿಮ್ ರೇಸಿಂಗ್. ಇದರಲ್ಲಿ ನಿಜವಾದ ಯುದ್ಧ ನಡೆಯುವುದು ತಿರುವುಗಳಲ್ಲಿ ಎಂದು ನೀವು ತಿಳಿದಿದ್ದರೆ, ದಯವಿಟ್ಟು ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಯುದ್ಧ ನಡೆಯುವುದು ಲೆಕ್ಕದಲ್ಲಿ!

ಇದನ್ನು ವಿಡಿಯೋ ಗೇಮ್ ಎಂದು ಪಕ್ಕಕ್ಕೆ ಸರಿಸುವವರಿಗೆ ಒಂದೇ ಮಾತು. 2008ರಲ್ಲಿ ಶುರುವಾದ ಐರೇಸಿಂಗ್ ಎಂಬ ಸಿಮ್‌ನಲ್ಲಿ ಟ್ರ್ಯಾಕ್‌ಗಳನ್ನು ಕೈಯಲ್ಲಿ ಚಿತ್ರ ಬಿಡಿಸಿ ಮಾಡಿದ್ದಲ್ಲ. ನಿಜವಾದ ಟ್ರ್ಯಾಕ್‌ಗೆ ಹೋಗಿ ಲೇಸರ್‌ನಿಂದ ಅಳೆದು ತಂದದ್ದು! ಡಾಂಬರಿನ ಉಬ್ಬು ತಗ್ಗು ಕೂಡ ಇದ್ದಲ್ಲೇ ಇದೆ. ಟೈರ್ ಸವೆಯುತ್ತದೆ. ಪೆಟ್ರೋಲ್ ಉರಿದಂತೆ ಕಾರು ಹಗುರವಾಗುತ್ತದೆ. 100 ಲೀಟರ್ ಪೆಟ್ರೋಲ್ ಎಂದರೆ ಸುಮಾರು 75 ಕಿಲೋ ತೂಕ. ಆ ಇಲ್ಲದ 75 ಕಿಲೋವನ್ನು ಚಾಲಕ ಪ್ರತಿ ಬ್ರೇಕ್‌ನಲ್ಲೂ ಅನುಭವಿಸುತ್ತಾನೆ!

ಸರಿ, ಪೆನ್ಸಿಲ್ ಸಿಕ್ಕಿತೇ? ಸ್ಪಾಗೆ ಹೋಗೋಣ.

ಒಂದು ಸುತ್ತು 7.004 ಕಿಲೋಮೀಟರ್. ಜಿಟಿ3 ದರ್ಜೆಯ ರೇಸ್ ಕಾರಿಗೆ ಒಂದು ಸುತ್ತಿಗೆ 140 ಸೆಕೆಂಡ್ ಹಿಡಿಯಲಿ. ಟ್ಯಾಂಕ್ 100 ಲೀಟರ್ ಇರಲಿ. ಸುತ್ತಿಗೆ 3.6 ಲೀಟರ್ ಕುಡಿಯಲಿ. ಲೆಕ್ಕಕ್ಕೆ ಹಿಡಿಯಲು ಸುಲಭವಾಗುವಂತೆ ಇಟ್ಟುಕೊಂಡ ಅಂಕಿಗಳಿವು, ಆದರೆ ವಾಸ್ತವದಿಂದ ದೂರವೇನಿಲ್ಲ.

ಒಂದು ಟ್ಯಾಂಕಿಗೆ ಎಷ್ಟು ಸುತ್ತು? ನೂರನ್ನು 3.6ರಿಂದ ಭಾಗಿಸಿ. 27.77!

ಆದರೆ 0.77 ಸುತ್ತು ಓಡಿಸಿ ಏನು ಮಾಡುತ್ತೀರಿ? ಪೆಟ್ರೋಲ್ ತುಂಬಿಸುವ ಪಿಟ್ ಇರುವುದು ಸುತ್ತಿನ ಕೊನೆಯಲ್ಲಿ. ಮುಕ್ಕಾಲು ದಾರಿಯಲ್ಲಿ ಪೆಟ್ರೋಲ್ ಮುಗಿದರೆ ಕಾಡಿನ ನಡುವೆ ನಿಂತುಬಿಟ್ಟಿರಿ! ಹಾಗಾಗಿ 27 ಸುತ್ತಿಗೇ ಒಳಗೆ ಬರಬೇಕು. ಟ್ಯಾಂಕಿನಲ್ಲಿ 2.8 ಲೀಟರ್ ಉಳಿದಿದ್ದರೂ ಬರಬೇಕು.

ಈಗ ಸುತ್ತಿಗೆ 30 ಮಿಲಿ ಉಳಿಸಿ. 3.6 ಅಲ್ಲ, 3.57. ಮತ್ತೆ ಭಾಗಿಸಿ.

28.01!

ನೋಡಿದಿರಾ? 28 ಸುತ್ತು! 28ನ್ನು 3.57ರಿಂದ ಗುಣಿಸಿದರೆ 99.96. ಅಂದರೆ ನೂರ ತೊಂಬತ್ತಾರು ಕಿಲೋಮೀಟರ್ ಓಡಿ ಪಿಟ್‌ಗೆ ಬಂದಾಗ ಟ್ಯಾಂಕಿನಲ್ಲಿ ಉಳಿದಿರುವುದು 40 ಮಿಲಿ! ಎದೆ ನಡುಗುವುದಿಲ್ಲವೇ?

ಇರಲಿ, ಒಂದು ಸುತ್ತು ಹೆಚ್ಚು ಸಿಕ್ಕಿದರೆ ಏನು ಬಂತು? ಇಲ್ಲಿದೆ ನೋಡಿ. 24 ಗಂಟೆಗೆ 600 ಸುತ್ತು ಎಂದಿಟ್ಟುಕೊಳ್ಳಿ. 27ರಂತೆ ಓಡಿದರೆ 22 ಪಿಟ್ ಸ್ಟಾಪ್. 28ರಂತೆ ಓಡಿದರೆ 21. ಒಂದು ಸ್ಟಾಪ್ ಪೂರ್ತಿ ಮಾಯ!

ಹಾಗಾದರೆ ಉಳಿಸುವುದೇ ಜಾಣತನ, ಅಲ್ಲವೇ?

ಉತ್ತರ ಹೇಳುವ ಮೊದಲು ಯೋಚಿಸಿ. ಚೆನ್ನಾಗಿ ಯೋಚಿಸಿ.

ಒಂದು ಸ್ಟಾಪ್ ತಪ್ಪಿದರೆ ಎಷ್ಟು ಸಮಯ ಉಳಿಯುತ್ತದೆ? ಪೆಟ್ರೋಲ್ ತುಂಬಿಸುವ ಹೊತ್ತೆಲ್ಲ ಉಳಿಯಿತು ಎಂದು ಹೆಚ್ಚಿನವರು ಹೇಳುತ್ತಾರೆ. ಅಲ್ಲ! 600 ಸುತ್ತಿಗೆ ಬೇಕಾದ ಪೆಟ್ರೋಲ್ ಹೇಗೂ ತುಂಬಿಸಲೇಬೇಕು. 22 ಕಂತಿನಲ್ಲೋ 21 ಕಂತಿನಲ್ಲೋ, ಅಷ್ಟೇ ವ್ಯತ್ಯಾಸ. ಉಳಿಯುವುದು ಪಿಟ್ ಲೇನ್‌ನಲ್ಲಿ ತೆವಳುವ ಹೊತ್ತು ಮಾತ್ರ. ಅದು 30 ಸೆಕೆಂಡ್ ಇರಲಿ. ಜೊತೆಗೆ ಸುತ್ತಿಗೆ 30 ಮಿಲಿಯಂತೆ ಒಟ್ಟು 18 ಲೀಟರ್ ಕಡಿಮೆ ತುಂಬಿದಿರಿ. ಸೆಕೆಂಡಿಗೆ ಎರಡೂವರೆ ಲೀಟರ್ ಇಳಿಯುತ್ತದೆ ಎಂದರೆ ಅದರಿಂದ 7 ಸೆಕೆಂಡ್. ಒಟ್ಟು ಲಾಭ 37 ಸೆಕೆಂಡ್.

ಇನ್ನು ನಷ್ಟ? ಉಳಿಸಲು ಹೋಗಿ ಸುತ್ತಿಗೆ ಬರೀ 0.1 ಸೆಕೆಂಡ್ ಕಳೆದುಕೊಂಡಿರಿ ಎಂದುಕೊಳ್ಳಿ. 600 ಸುತ್ತಿಗೆ?

60 ಸೆಕೆಂಡ್!

ಸೋತಿರಿ! ಸ್ಟಾಪ್ ಕಡಿಮೆ ಮಾಡಿಯೂ ಸೋತಿರಿ! 23 ಸೆಕೆಂಡ್ ಹಿಂದೆ!

ನಿರಾಶರಾಗಬೇಡಿ. ನನಗೆ ಈ ಆಟದಲ್ಲಿ ಅತ್ಯಂತ ಇಷ್ಟವಾದ ತಿರುವು ಈಗ ಬರುತ್ತದೆ. ಎಲ್ಲ 600 ಸುತ್ತುಗಳಲ್ಲೂ ಉಳಿಸಬೇಕು ಎಂದು ಯಾರು ಹೇಳಿದರು?

21 ಸ್ಟಾಪ್ ಎಂದರೆ 22 ಪಾಳಿ, ಅಂದರೆ ಟ್ಯಾಂಕಿಗೊಂದರಂತೆ 22 ಓಟ. ಪಾಳಿಗೆ 27 ಸುತ್ತಿನಂತೆ 594 ಸುತ್ತು ಹೇಗೂ ಆಗುತ್ತದೆ. ಕೊರತೆ ಎಷ್ಟು? ಆರು ಸುತ್ತು! ಹಾಗಾದರೆ ಆರು ಪಾಳಿಗಳನ್ನು ಮಾತ್ರ 28ಕ್ಕೆ ಎಳೆದರೆ ಸಾಕು! ಉಳಿದ ಹದಿನಾರು ಪಾಳಿಗಳಲ್ಲಿ ಬೇಕಾದಷ್ಟು ಜೋರಾಗಿ ಓಡಿಸಿ!

ಆರು ಪಾಳಿ, 168 ಸುತ್ತು. ಸುತ್ತಿಗೆ 0.1ರಂತೆ ನಷ್ಟ 17 ಸೆಕೆಂಡ್‌ಗಿಂತ ಕಡಿಮೆ. ಲಾಭ 32. ಗೆದ್ದಿರಿ! 15 ಸೆಕೆಂಡ್ ಮುಂದೆ!

ಇಡೀ 24 ಗಂಟೆಯಲ್ಲಿ ಉಳಿಸಿದ ಪೆಟ್ರೋಲ್ ಎಷ್ಟು ಗೊತ್ತೇ? ಎರಡು ಸಾವಿರ ಲೀಟರ್‌ಗೂ ಹೆಚ್ಚು ಉರಿಸಿದ ರೇಸಿನಲ್ಲಿ ಕೇವಲ 5 ಲೀಟರ್!

ಅದೇ ಕಾರು. ಅದೇ ಚಾಲಕರು. ಒಂದು ಲೆಕ್ಕ ಸೋಲಿಸುತ್ತದೆ, ಅದನ್ನೇ ಇನ್ನೊಂದು ಸಲ ಕೂತು ಮಾಡಿದರೆ ಗೆಲ್ಲಿಸುತ್ತದೆ. ಮೈ ಜುಮ್ಮೆನ್ನುವುದಿಲ್ಲವೇ!

ಅದಿರಲಿ, ಆ 30 ಮಿಲಿ ಉಳಿಸುವುದಾದರೂ ಹೇಗೆ? ನಿಧಾನ ಓಡಿಸಿಯೇ? ಬನ್ನಿ, ಚಾಲಕನ ಬಲಗಾಲನ್ನೇ ನೋಡೋಣ.

ಸ್ಪಾದಲ್ಲಿ ಓ ರೂಜ್ ತಗ್ಗಿನಿಂದ ಗುಡ್ಡ ಹತ್ತಿದ ಕೂಡಲೇ ಕೆಮೆಲ್ ಎಂಬ ನೀಳ ನೇರ ದಾರಿ. ಆಕ್ಸಿಲರೇಟರ್ ತಳಕ್ಕೆ ಒತ್ತಿಯೇ ಇದೆ. ಕಾರು ಗಂಟೆಗೆ 250 ಕಿಲೋಮೀಟರ್ ಆಸುಪಾಸಿನಲ್ಲಿ ನುಗ್ಗುತ್ತಿದೆ. ದಾರಿಯ ಕೊನೆಯಲ್ಲಿ ಲೆ ಕಾಂಬ್ ತಿರುವು. ಮಾಮೂಲಿ ಸುತ್ತಿನಲ್ಲಿ ಕೊನೇ ಕ್ಷಣದವರೆಗೆ ಒತ್ತಿಹಿಡಿದು, ಆಮೇಲೆ ಬ್ರೇಕನ್ನು ಗಟ್ಟಿಯಾಗಿ ತುಳಿಯಬೇಕು. ಉಳಿಸುವ ಸುತ್ತಿನಲ್ಲಿ? ಬ್ರೇಕ್ ಜಾಗಕ್ಕೆ ಇನ್ನೂ ಐವತ್ತು ಮೀಟರ್ ಇರುವಾಗಲೇ ಕಾಲು ಎತ್ತಿಬಿಡಬೇಕು. ಮುಕ್ಕಾಲು ಸೆಕೆಂಡ್ ಕಾರು ತನ್ನ ಪಾಡಿಗೆ ತಾನು ಜಾರುತ್ತದೆ. ಆಮೇಲೆ ಬ್ರೇಕ್, ಅದೂ ಸ್ವಲ್ಪ ತಡವಾಗಿ, ಮೆತ್ತಗೆ.

ಮುಕ್ಕಾಲು ಸೆಕೆಂಡ್‌ನಲ್ಲಿ ಉಳಿದದ್ದೆಷ್ಟು? ಒಂದು ಸುತ್ತಿನಲ್ಲಿ ಪೂರ್ತಿ ಒತ್ತಿರುವ ಹೊತ್ತು 90 ಸೆಕೆಂಡ್ ಎಂದು ಹಿಡಿದರೆ, ಸೆಕೆಂಡಿಗೆ 40 ಮಿಲಿ ಉರಿಯುತ್ತದೆ. ಅದರ ಮುಕ್ಕಾಲು?

30 ಮಿಲಿ! ಒಂದೇ ಜಾಗ! ಏಳು ಕಿಲೋಮೀಟರ್‌ನಲ್ಲಿ ಒಂದೇ ಒಂದು ಸಲ ಕಾಲೆತ್ತಿದರೆ ಮುಗಿಯಿತು!

ಇನ್ನೂ ಸೊಗಸಾದ ದಾರಿ ಒಂದಿದೆ. ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಹೋಗುವುದು! ಅದು ಗಾಳಿಯನ್ನು ಸೀಳುತ್ತದೆ, ಹಿಂದಿರುವವರಿಗೆ ತಡೆ ಕಡಿಮೆ. ಅದೇ ವೇಗ, ಕಡಿಮೆ ಪೆಟ್ರೋಲ್! ಮುಂದೆ ಇರುವವನು ರಾಜ ಎಂದುಕೊಂಡಿದ್ದಿರಾ? ಕೆಲವೊಮ್ಮೆ ರಾಜನ ಹಿಂದೆ ಕೂತವನೇ ಶ್ರೀಮಂತ!

ಇದನ್ನು ಗೆಲುವಾಗಿಸುವ ಚಮತ್ಕಾರ ಕೇಳಿ. ನಿಮ್ಮ ಎದುರಾಳಿ ಒಂದು ಸೆಕೆಂಡ್ ಮುಂದಿದ್ದಾನೆ. ಎಷ್ಟು ತಿಣುಕಿದರೂ ಓವರ್‌ಟೇಕ್ ಆಗುತ್ತಿಲ್ಲ. ಸರಿ, ಬಿಟ್ಟುಬಿಡಿ. ಅವನ ಹಿಂದೆಯೇ 20 ಸುತ್ತು ಹೋಗಿ. ಸುತ್ತಿಗೆ 0.15 ಲೀಟರ್‌ನಂತೆ 3 ಲೀಟರ್ ಉಳಿಯಿತು. ಇಬ್ಬರೂ ಒಟ್ಟಿಗೇ ಪಿಟ್‌ಗೆ ಬಂದಿರಿ. ರೇಸ್ ಮುಗಿಸಲು ನಿಮಗೆ ಬೇಕಾದದ್ದು ಅವನಿಗಿಂತ 3 ಲೀಟರ್ ಕಡಿಮೆ. ನಿಮ್ಮ ಕಾರು 1.2 ಸೆಕೆಂಡ್ ಮೊದಲೇ ಹೊರಟಿತು!

ಹೊರಗೆ ಬಂದಾಗ ಯಾರು ಮುಂದೆ? ನೀವು! ಒಂದು ತಿರುವಿನಲ್ಲೂ ಹಿಂದಿಕ್ಕದೆ, ಒಂದು ಸಲವೂ ಮೈ ತಾಗಿಸದೆ!

ಈಗ ಇದಕ್ಕಿಂತ ದೊಡ್ಡ ಒಗಟು. 90 ನಿಮಿಷದ ರೇಸ್. ಎಷ್ಟು ಸುತ್ತು?

ಸುಲಭ ಎನಿಸಿತೇ? ಕೇಳಿ: ಸ್ಟಾರ್ಟ್ ಆಗುವಾಗ ಯಾರಿಗೂ ಗೊತ್ತಿರುವುದಿಲ್ಲ! ನಡೆಸುವವರಿಗೂ ಗೊತ್ತಿಲ್ಲ! ಗಡಿಯಾರ ಸೊನ್ನೆಗೆ ಬಂದ ಮೇಲೆ ಮುಂದಿರುವ ಕಾರು ಯಾವಾಗ ಗೆರೆ ದಾಟುತ್ತದೋ ಆಗ ರೇಸ್ ಮುಗಿಯಿತು. ಬಹಳಷ್ಟು ರೇಸುಗಳ ನಿಯಮ ಇದು. ಅಂದರೆ ರೇಸಿನ ಉದ್ದ ಎಷ್ಟೆಂದು ರೇಸ್ ನಡೆಯುತ್ತಿರುವಾಗಲೇ ತೀರ್ಮಾನವಾಗುತ್ತದೆ!

ಲೆಕ್ಕ ಹಾಕಿ. 90 ನಿಮಿಷ ಎಂದರೆ 5400 ಸೆಕೆಂಡ್. ಮುಂದಿರುವ ಕಾರು ಸುತ್ತಿಗೆ 140 ಸೆಕೆಂಡ್ ಓಡುತ್ತದೆ, ಪಿಟ್‌ನಲ್ಲಿ ಒಟ್ಟು 60 ಸೆಕೆಂಡ್ ಕಳೆಯುತ್ತದೆ. 38 ಸುತ್ತು ಮುಗಿಸಿದಾಗ ಎಷ್ಟಾಯಿತು? 5380. ಇನ್ನೂ 20 ಸೆಕೆಂಡ್ ಉಳಿದಿದೆ! ಇನ್ನೊಂದು ಸುತ್ತು ಓಡಲೇಬೇಕು! 39!

ಅದೇ ಕಾರು ಸುತ್ತಿಗೆ ಅರ್ಧ ಸೆಕೆಂಡಿಗಿಂತ ಒಂಚೂರು ಹೆಚ್ಚು, 0.55 ಸೆಕೆಂಡ್ ನಿಧಾನವಾಗಿದ್ದರೆ? 38ನೇ ಸುತ್ತು ಮುಗಿಯುವಾಗ ಗಡಿಯಾರ 5400 ದಾಟಿದೆ. ಬಾವುಟ ಬೀಸಿ! ರೇಸ್ ಮುಗಿಯಿತು!

ಒಂದು ಸುತ್ತು, 3.6 ಲೀಟರ್. ಅಷ್ಟು ತುಂಬಿಸದೆ ಇದ್ದವರು ಕೊನೆಯ ಸುತ್ತಿನಲ್ಲಿ ನಿಂತುಹೋಗುತ್ತಾರೆ. ಸುಮ್ಮನೆ ತುಂಬಿಸಿದವರು ಪಿಟ್‌ನಲ್ಲಿ ಒಂದೂವರೆ ಸೆಕೆಂಡ್ ದಾನ ಕೊಟ್ಟರು!

ಹಾಗಾಗಿ ಕೊನೆಯ ಹತ್ತು ನಿಮಿಷಗಳಲ್ಲಿ ಕಾಣುವ ದೃಶ್ಯವೇ ವಿಚಿತ್ರ. ಮುಂದಿರುವ ಕಾರು ಬೇಕೆಂದೇ ನಿಧಾನ ಹೋಗುತ್ತದೆ! ಹೌದು, ರೇಸಿನಲ್ಲಿ! ಹಿಂದಿನವರಿಗಿಂತ ಸಾಕಷ್ಟು ಅಂತರವಿದ್ದು ಪೆಟ್ರೋಲ್ ಕಡಿಮೆಯಿದ್ದರೆ, ಗಡಿಯಾರ ಸೊನ್ನೆಯಾಗಲಿ ಎಂದು ಚಾಲಕ ಕಾದು ಗೆರೆ ದಾಟುತ್ತಾನೆ. ಒಂದು ಸುತ್ತನ್ನೇ ರೇಸಿನಿಂದ ಅಳಿಸಿಹಾಕುತ್ತಾನೆ! ಹಿಂದಿರುವವನು ಜಾಣನಾಗಿದ್ದರೆ ಅವನನ್ನು ಬೆನ್ನಟ್ಟಿ, ನಿಧಾನ ಹೋಗಲು ಬಿಡದೆ, ಆ ಹೆಚ್ಚಿನ ಸುತ್ತಿಗೆ ನೂಕುತ್ತಾನೆ. ನೋಡುವವರ ಕಣ್ಣಿಗೆ ಎರಡು ಕಾರು ಸುಮ್ಮನೆ ಓಡುತ್ತಿವೆ. ಒಳಗೆ ಮಹಾಯುದ್ಧ!

ಇನ್ನೊಂದು ಗಮ್ಮತ್ತು. ಒಂದು ಸುತ್ತು ಹಿಂದೆ ಬಿದ್ದವನಿಗೆ ಪೆಟ್ರೋಲ್ ಒಂದು ಸುತ್ತಿನಷ್ಟು ಕಡಿಮೆ ಸಾಕು! ಅವನು ಓಡಬೇಕಾದದ್ದೇ 38. ಹಾಗಾಗಿ ಮುಂದಿರುವವನು ಬೆನ್ನ ಹಿಂದೆ ಬಂದಾಗ ದಾರಿ ಬಿಡಬೇಕೋ ಬೇಡವೋ ಎಂಬುದೂ ಟ್ಯಾಂಕಿನ ಲೆಕ್ಕ! ಬೇರೆ ಬೇರೆ ದರ್ಜೆಯ ಕಾರುಗಳು ಒಟ್ಟಿಗೆ ಓಡುವ ರೇಸ್ ಆದರಂತೂ, ನಿಮ್ಮ ರೇಸ್ ಯಾವಾಗ ಮುಗಿಯುತ್ತದೆ ಎಂದು ತೀರ್ಮಾನಿಸುವುದು ನಿಮಗೆ ಸಂಬಂಧವೇ ಇಲ್ಲದ, ನಿಮಗಿಂತ ಎಷ್ಟೋ ವೇಗದ ಇನ್ನೊಂದು ಕಾರು!

ಸರಿ, ಆ 90 ನಿಮಿಷದ ರೇಸಿನಲ್ಲಿ ಪಿಟ್‌ಗೆ ಯಾವಾಗ ಬರುತ್ತೀರಿ? 39 ಸುತ್ತಿಗೆ 140.4 ಲೀಟರ್ ಬೇಕು. ಹೊರಡುವಾಗ ನೂರು ಇದೆ. ಬೇಕಾದದ್ದು ಇನ್ನು 40.4. ಟ್ಯಾಂಕಿನಲ್ಲಿ ಅಷ್ಟು ಜಾಗ ಆಗುವುದು 12ನೇ ಸುತ್ತಿಗೆ. ಟ್ಯಾಂಕ್ ಖಾಲಿಯಾಗುವುದು 27ರ ನಂತರ. ನಡುವೆ ಹದಿನಾರು ಸುತ್ತುಗಳ ಬಾಗಿಲು ತೆರೆದಿದೆ! ಯಾವಾಗ ಬಂದರೂ ತುಂಬಿಸುವುದು ಅಷ್ಟೇ ಪೆಟ್ರೋಲ್. ಹಾಗಾದರೆ ಯಾವಾಗ ಬಂದರೂ ಒಂದೇ?

ಖಂಡಿತ ಅಲ್ಲ! ಎದುರಾಳಿಗಿಂತ ಒಂದು ಸುತ್ತು ಮೊದಲೇ ಬಂದು ಹೊಸ ಟೈರ್ ಹಾಕಿಕೊಂಡು ಹೊರಡಿ. ಅವನು ಹಳೆಯ ಟೈರಿನಲ್ಲಿ ಜಾರುತ್ತಾ ಒಂದು ಸುತ್ತು ಓಡುವಷ್ಟರಲ್ಲಿ ನೀವು ಸೆಕೆಂಡುಗಳನ್ನು ಕದ್ದಿರುತ್ತೀರಿ. ಅವನು ಪಿಟ್‌ನಿಂದ ಹೊರಬರುವಾಗ ನಿಮ್ಮ ಕಾರು ಅವನ ಮುಂದೆ! ಅಂಡರ್‌ಕಟ್ ಎಂದರೆ ಇದೇ. ಆದರೆ ಹೊಸ ಟೈರ್ ತಣ್ಣಗಿದ್ದರೆ? ಹಿಡಿತವೇ ಸಿಗದ ಟೈರಿನಲ್ಲಿ ನೀವೇ ನಿಧಾನವಾಗುತ್ತೀರಿ, ಬಿಸಿ ಟೈರಿನ ಅವನೇ ಲಾಭ ಮಾಡಿಕೊಳ್ಳುತ್ತಾನೆ. ಅದಕ್ಕೇ ಓವರ್‌ಕಟ್ ಎನ್ನುವುದು! ಯಾವ ಕಾರಿಗೆ, ಯಾವ ಟ್ರ್ಯಾಕಿಗೆ, ಯಾವ ಬಿಸಿಲಿಗೆ ಯಾವುದು ಸರಿ? ಅಭ್ಯಾಸದ ದಿನವೇ ಓಡಿಸಿ ಅಳೆದು ಬರೆದಿಟ್ಟುಕೊಂಡವರಿಗೆ ಮಾತ್ರ ಗೊತ್ತು.

ಟೈರ್ ಬದಲಿಸಬೇಕೇ ಎಂಬುದರಲ್ಲೂ ಗುಟ್ಟಿದೆ. ಕೆಲವು ರೇಸುಗಳಲ್ಲಿ ಪೆಟ್ರೋಲ್ ತುಂಬುತ್ತಿರುವಾಗಲೇ ಟೈರ್ ಬಿಚ್ಚಬಹುದು. ಅಲ್ಲಿ ಪೆಟ್ರೋಲಿಗೆ ಹೆಚ್ಚು ಹೊತ್ತು ಬೇಕಿದ್ದರೆ ಹೊಸ ಟೈರಿಗೆ ತಗಲುವ ಸಮಯ ಸೊನ್ನೆ! ಇನ್ನು ಕೆಲವು ಕಡೆ ಒಂದಾದ ಮೇಲೆ ಒಂದು. ಅಲ್ಲಿ ಹೊಸ ಟೈರಿಗೆ ಒಂದೊಂದು ಸೆಕೆಂಡನ್ನೂ ತೆರಬೇಕು. ಸವೆದ ಟೈರಿನಲ್ಲೇ ಇನ್ನೊಂದು ಪಾಳಿ ಎಳೆದವರು ಗೆಲ್ಲುವುದು ಅಲ್ಲೇ.

ಹೆಚ್ಚು ಸಲ ನಿಂತವನು ಗೆಲ್ಲಬಹುದೇ? ಊಹಿಸಿ! ನಿಜವಾದ ಫಾರ್ಮುಲಾ ಒನ್‌ನಲ್ಲೇ ಉತ್ತರವಿದೆ. 2004ರ ಫ್ರೆಂಚ್ ಗ್ರ್ಯಾನ್ ಪ್ರೀ, ಮ್ಯಾಗ್ನಿ ಕೂರ್ಸ್. ಫೆರಾರಿಯ ಮೈಕೆಲ್ ಶುಮಾಕರ್ ಅವತ್ತು ಪಿಟ್‌ಗೆ ಬಂದದ್ದು ಎರಡು ಸಲ ಅಲ್ಲ, ಮೂರು ಸಲ ಅಲ್ಲ. ನಾಲ್ಕು ಸಲ! ಫರ್ನಾಂಡೊ ಅಲೊನ್ಸೊರನ್ನು ಸೋಲಿಸಿ ಗೆದ್ದೂ ಬಿಟ್ಟರು! ಪ್ರತಿ ಸಲವೂ ಒಂದಿಷ್ಟೇ ಪೆಟ್ರೋಲ್, ಸದಾ ಹಗುರ ಕಾರು, ಸದಾ ಹೊಸ ಟೈರ್. 2010ರಿಂದ ಫಾರ್ಮುಲಾ ಒನ್‌ನಲ್ಲಿ ರೇಸಿನ ನಡುವೆ ಪೆಟ್ರೋಲ್ ತುಂಬಿಸುವುದೇ ನಿಷಿದ್ಧ. ಆ ರೋಮಾಂಚನ ಈಗ ಬೇಕೆಂದರೆ ಸಿಮ್‌ಗೆ ಬನ್ನಿ!

ಇದೆಲ್ಲ ಹುಡುಗರ ಆಟ ಎಂದು ಇನ್ನೂ ಅನಿಸುತ್ತಿದೆಯೇ? ಹಾಗಾದರೆ 2024ರ ಮೇ ತಿಂಗಳ ಒಂದು ವಾರಾಂತ್ಯಕ್ಕೆ ಬನ್ನಿ.

ಇಟಲಿಯ ಇಮೋಲಾ. ಆಗಿನ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಮ್ಯಾಕ್ಸ್ ವರ್ಸ್ಟಾಪನ್ ಶನಿವಾರ ಕ್ವಾಲಿಫೈಯಿಂಗ್‌ನಲ್ಲಿ ಮೊದಲ ಸ್ಥಾನ ಪಡೆದರು. ಮರುದಿನ ರೇಸ್. ಯಾರಾದರೂ ಏನು ಮಾಡುತ್ತಾರೆ? ಊಟ ಮಾಡಿ ಮಲಗುತ್ತಾರೆ. ವರ್ಸ್ಟಾಪನ್ ಏನು ಮಾಡಿದರು?

ಸಿಮ್ಯುಲೇಟರ್‌ನಲ್ಲಿ ಕೂತರು! ತಮ್ಮ ಟೀಮ್ ರೆಡ್‌ಲೈನ್ ಜೊತೆ ಐರೇಸಿಂಗ್‌ನ ನೂರ್‌ಬರ್ಗ್‌ರಿಂಗ್ 24 ಗಂಟೆಗಳ ರೇಸ್‌ನಲ್ಲಿ ತಮ್ಮ ಪಾಳಿ ಓಡಿಸಿದರು! ಭಾನುವಾರ ಇಮೋಲಾ ರೇಸನ್ನು ಲ್ಯಾಂಡೊ ನಾರಿಸ್‌ಗಿಂತ ಬರೀ 0.725 ಸೆಕೆಂಡ್ ಮುಂದೆ ಗೆದ್ದರು. ಅದೇ ವಾರಾಂತ್ಯ ಆ ಸಿಮ್ ರೇಸನ್ನೂ ಅವರ ತಂಡ ಗೆದ್ದಿತು! ಎರಡೂ!

ಆ ನೂರ್‌ಬರ್ಗ್‌ರಿಂಗ್ ಟ್ರ್ಯಾಕ್ ಹೇಗಿದೆ ಗೊತ್ತೇ? ಒಂದು ಸುತ್ತು 25.378 ಕಿಲೋಮೀಟರ್! ಸ್ಪಾಗಿಂತ ಮೂರೂವರೆ ಪಟ್ಟು! ಜಿಟಿ3 ಕಾರಿಗೂ ಎಂಟು ನಿಮಿಷದ ಮೇಲೆ ಬೇಕು. ಇಲ್ಲಿ ಒಂದು ಸುತ್ತು ಹೆಚ್ಚು ಎಳೆಯುವುದೆಂದರೆ 30 ಮಿಲಿಯ ಮಾತಲ್ಲ, ಪಾಳಿಯ ಪ್ರತಿ ಸುತ್ತಿನಲ್ಲೂ ಅದರ ಎಷ್ಟೋ ಪಟ್ಟು ಹಿಂಡಬೇಕಾದೀತು. ಪಿಟ್‌ಗೆ ಬರುವ ತಿರುವು ತಪ್ಪಿಸಿದಿರೋ, ಮುಂದಿನ ಅವಕಾಶ 25 ಕಿಲೋಮೀಟರ್ ಆಚೆ! ನಡುವೆ ಪೆಟ್ರೋಲ್ ಮುಗಿದರೆ? ಐರೇಸಿಂಗ್‌ನಲ್ಲಿ ಕಾರನ್ನು ಎಳೆದು ತರುವವರೆಗೂ ಕಾಯಿಸುತ್ತಾರೆ. ದೂರ ಹೆಚ್ಚಾದಷ್ಟೂ ಕಾಯುವುದು ಹೆಚ್ಚು!

ಲೆಕ್ಕಕ್ಕೆ ಸಿಗದ ಸಂಗತಿಯೂ ಇದೆ, ಅದು ನಿಜವಾದ ಟ್ರ್ಯಾಕ್‌ನಲ್ಲಿ ಇಲ್ಲವೇ ಇಲ್ಲ. ಇಂಟರ್ನೆಟ್!

2020ರ ಜೂನ್ 13. ಕೊರೊನಾ ಕಾರಣಕ್ಕೆ ನಿಜವಾದ ಲೆ ಮಾನ್ಸ್ ಕಾರ್ ರೇಸ್ ಮುಂದಕ್ಕೆ ಹೋಗಿತ್ತು. ಅದೇ ದಿನಾಂಕಕ್ಕೆ ಆನ್‌ಲೈನ್‌ನಲ್ಲಿ 24 ಗಂಟೆಗಳ ಲೆ ಮಾನ್ಸ್ ನಡೆಯಿತು. 50 ಕಾರು, 200 ಚಾಲಕರು, ತಮ್ಮ ತಮ್ಮ ಮನೆಗಳಿಂದ! ಫಾರ್ಮುಲಾ ಒನ್ ಓಡಿಸಿದವರೂ ಇದ್ದರು, ಸಿಮ್ ಬಿಟ್ಟು ಬೇರೇನೂ ಓಡಿಸದವರೂ ಇದ್ದರು. ಸರ್ವರ್ ತೊಂದರೆಯಿಂದ ರೇಸನ್ನು ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಬೇಕಾಯಿತು. ಕೊನೆಗೆ ಗೆದ್ದದ್ದು ರೆಬೆಲಿಯನ್ ವಿಲಿಯಮ್ಸ್ ತಂಡ.

2023ರ ಜನವರಿಯ ಆನ್‌ಲೈನ್ ಲೆ ಮಾನ್ಸ್‌ನಲ್ಲಂತೂ ವರ್ಸ್ಟಾಪನ್ ಅವರ ಕಾರೇ ಮುಂದಿತ್ತು. ಪಿಟ್ ಲೆಕ್ಕ ಸರಿ, ಪೆಟ್ರೋಲ್ ಸರಿ, ಟೈರ್ ಸರಿ. ಇದ್ದಕ್ಕಿದ್ದಂತೆ ಸರ್ವರ್ ಸಂಪರ್ಕ ಕಡಿದುಹೋಯಿತು! ಮತ್ತೆ ಒಳಬಂದಾಗ ಸ್ಥಾನ ಎಷ್ಟು? 17! ಕಾರನ್ನು ರೇಸಿನಿಂದಲೇ ಹಿಂತೆಗೆದರು. ನೂರಾರು ಸುತ್ತುಗಳ ಹನಿ ಹನಿ ಲೆಕ್ಕ ಒಂದು ಕ್ಷಣದಲ್ಲಿ ಹೋಯಿತು. ಅದಕ್ಕೇ ಒಳ್ಳೆಯ ತಂಡಗಳು ಓಡಿಸುವವನ ಜೊತೆಗೆ ಇನ್ನೊಬ್ಬನನ್ನು ಸದಾ ಎಚ್ಚರವಾಗಿ, ಸ್ಟೀರಿಂಗ್ ಮುಂದೆ ತಯಾರಾಗಿ ಇಟ್ಟಿರುತ್ತವೆ.

ಯಾರು ಯಾವಾಗ ಓಡಿಸಬೇಕು ಎಂಬುದೂ ಪಿಟ್ ಲೆಕ್ಕವೇ! ಐರೇಸಿಂಗ್‌ನ ತಂಡದ ರೇಸುಗಳಲ್ಲಿ ಒಂದು ನಿಯಮವಿದೆ: ಪ್ರತಿ ಚಾಲಕನೂ ತನ್ನ ಸಮಪಾಲಿನ ಕಾಲು ಭಾಗವನ್ನಾದರೂ ಓಡಿಸಲೇಬೇಕು. 600 ಸುತ್ತು, ನಾಲ್ವರು. ಸಮಪಾಲು 150, ಅದರ ಕಾಲು 37.5. ಈಗ ನಮ್ಮ ಸ್ಪಾ ಲೆಕ್ಕ ನೆನಪಿಸಿಕೊಳ್ಳಿ. ಒಂದು ಪಾಳಿಗೆ ಹೆಚ್ಚೆಂದರೆ 28 ಸುತ್ತು. ತಂಡದ ಅತಿ ನಿಧಾನದ ಚಾಲಕನನ್ನು ಒಂದೇ ಪಾಳಿಗೆ ಕೂರಿಸಿ ಮುಗಿಸೋಣ ಎಂದರೆ ಆಗದು! ಎರಡು ಪಾಳಿ ಕೊಡಲೇಬೇಕು. ಯಾವ ಎರಡು? ಆರು ಉಳಿಸುವ ಪಾಳಿಗಳಲ್ಲೇ ಕೂರಿಸುವುದೇ? ಕಾಲು ಹದವಾಗಿ ಎತ್ತಲು ಬರುವ ತಾಳ್ಮೆಯವನಾದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ!

ಅದೂ ಅಲ್ಲದೆ ಗಡಿಯಾರ ನೋಡಬೇಕು. ಐರೇಸಿಂಗ್‌ನ ದೊಡ್ಡ ರೇಸುಗಳಿಗೆ ಶನಿವಾರ ಗ್ರೀನ್‌ವಿಚ್ ಸಮಯ ಮಧ್ಯಾಹ್ನ 12ಕ್ಕೆ ಒಂದು ಸ್ಟಾರ್ಟ್ ಇರುತ್ತದೆ. ಭಾರತದಲ್ಲಿ ಆಗ ಸಂಜೆ ಐದೂವರೆ. ನಾಲ್ವರಲ್ಲಿ ಒಬ್ಬ ಜರ್ಮನಿಯಲ್ಲಿ, ಒಬ್ಬ ಅಮೆರಿಕದಲ್ಲಿ, ಒಬ್ಬ ಬೆಂಗಳೂರಿನಲ್ಲಿ ಇದ್ದರೆ? ಯುರೋಪಿನಲ್ಲಿ ಎಲ್ಲರೂ ತೂಕಡಿಸುವ ಬೆಳಗಿನ ಜಾವಕ್ಕೆ ಬೆಂಗಳೂರಿನಲ್ಲಿ ಬೆಳಗಾಗಿ ಕಾಫಿ ಕುಡಿದು ಕೂತಿರುತ್ತಾರೆ. ಆ ಪಾಳಿ ಅವರಿಗೇ! ಭೂಮಿ ತಿರುಗುವುದೂ ಈ ತಂತ್ರದಲ್ಲಿ ಒಂದು ಅಂಕಿ!

ಇಷ್ಟು ಸಾಲದೆಂದು 2024ರಲ್ಲಿ ಐರೇಸಿಂಗ್‌ಗೆ ಮಳೆಯೂ ಬಂತು. ಈಗ ಮೋಡವನ್ನೂ ಲೆಕ್ಕ ಹಾಕಬೇಕು. ಇನ್ನು ಮೂರು ಸುತ್ತಿಗೆ ಮಳೆ ಎಂದಾದರೆ, ಈಗಲೇ ಪಿಟ್‌ಗೆ ಬಂದು ಪೆಟ್ರೋಲ್ ತುಂಬಿಸಿಕೊಂಡವನು ಮೂರು ಸುತ್ತಿನಲ್ಲಿ ಮತ್ತೆ ಬರಬೇಕು. ಖಾಲಿಯಾಗುತ್ತಿರುವ ಟ್ಯಾಂಕಿನಲ್ಲಿ ಮೂರೇ ಮೂರು ಸುತ್ತು ಎಳೆಯಬಲ್ಲವನಿಗೆ ಪೆಟ್ರೋಲ್ ಮತ್ತು ಮಳೆ ಟೈರ್ ಎರಡೂ ಒಂದೇ ಸ್ಟಾಪಿನಲ್ಲಿ! ನೋಡಿ, ಮತ್ತೆ ಅದೇ 30 ಮಿಲಿಗೆ ಬಂದೆವು!

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು 250 ಕಿಲೋಮೀಟರ್ ವೇಗದಲ್ಲಿ ಓಡಿಸುವುದು ಸಾಧ್ಯವೇ? ಸಾಧ್ಯವಿಲ್ಲ. ಅದಕ್ಕೇ ತಂಡದಲ್ಲಿ ಒಬ್ಬ ಸ್ಟ್ರಾಟೆಜಿಸ್ಟ್. ಅವನು ಓಡಿಸುವುದಿಲ್ಲ. ಎದುರಿಗೆ ಒಂದು ಎಕ್ಸೆಲ್ ಶೀಟ್. ಐರೇಸಿಂಗ್ ಕಾರಿನಿಂದ ಸೆಕೆಂಡಿಗೆ 60 ಸಲ ಮಾಹಿತಿ ಹರಿದುಬರುತ್ತದೆ. ಯಾವ ಸುತ್ತಿಗೆ ಎಷ್ಟು ಉರಿಯಿತು, ಎಷ್ಟು ಉಳಿಯಿತು, ಮುಂದಿನವನು ಯಾವಾಗ ಒಳಗೆ ಬರಬೇಕು, ಗಡಿಯಾರ ಸೊನ್ನೆಯಾಗುವಾಗ ಅವನು ಟ್ರ್ಯಾಕಿನ ಯಾವ ಮೂಲೆಯಲ್ಲಿರುತ್ತಾನೆ. ಎಲ್ಲ ನೋಡಿ, ಹೆಡ್‌ಸೆಟ್‌ನಲ್ಲಿ ಅವನು ಹೇಳುವುದು ಎರಡೇ ಮಾತು. "ಇನ್ನೊಂದು ಸುತ್ತು." ಅಥವಾ "ಈಗ ಬಾ." ಆ ಎರಡು ಮಾತಿನಲ್ಲಿ ರೇಸ್ ಇದೆ!

ಈ ಕೆಲಸಕ್ಕೆ ದುಬಾರಿ ಸ್ಟೀರಿಂಗ್ ಬೇಡ, ಪೆಡಲ್ ಬೇಡ, ವೇಗದ ಕೈಯೂ ಬೇಡ. ಭಾಗಾಕಾರ ಗೊತ್ತಿದ್ದು ಗಡಿಯಾರದ ಮೇಲೆ ಕಣ್ಣಿಡುವ ತಾಳ್ಮೆ ಇದ್ದರೆ ಸಾಕು. ಬಹುತೇಕ ದೊಡ್ಡ ಸಿಮ್ ರೇಸುಗಳು ಯೂಟ್ಯೂಬ್‌ನಲ್ಲಿ ನೇರವಾಗಿ, ಉಚಿತವಾಗಿ ಬರುತ್ತವೆ. ಮುಂದಿನ ಸಲ ಒಂದನ್ನು ಹಾಕಿಕೊಳ್ಳಿ. ಮುಂದಿರುವ ಕಾರಿನ ಸುತ್ತಿನ ಸಮಯ ಬರೆದುಕೊಳ್ಳಿ, ಉಳಿದ ಸೆಕೆಂಡುಗಳನ್ನು ಅದರಿಂದ ಭಾಗಿಸಿ, ಎಷ್ಟನೇ ಸುತ್ತಿಗೆ ಬಾವುಟ ಬೀಳುತ್ತದೆ ಎಂದು ಕಾಮೆಂಟರಿಯವರಿಗಿಂತ ಮೊದಲು ನೀವೇ ಹೇಳಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಸಿಮ್ ಓಡಿಸುವ ಹುಡುಗನೋ ಹುಡುಗಿಯೋ ಇದ್ದರೆ ಇವತ್ತೇ ಹೋಗಿ ಕೇಳಿ: "ನಿನ್ನ ಪೆಟ್ರೋಲ್ ಲೆಕ್ಕ ನಾನು ನೋಡಿಕೊಳ್ಳಲೇ?" ಬೇಡ ಎನ್ನುವ ತಂಡ ಸಿಗುವುದು ಕಷ್ಟ!